734 ಮತಕ್ಕೆ ಸೋತ ಜಡ್ಜ್ ಗ್ರಿಫಿನ್ ಆರು ತಿಂಗಳು ಕೇಸು ಎಳೆದದ್ದು ಸರಿಯಾ?

ಕ್ಯಾರಿ ಕನ್ನಡಿಗ:
ಊರಲ್ಲಿರುವವರಿಗೆ ಮೊದಲೇ ಒಂದು ಮಾತು. ನಾರ್ತ್ ಕೆರೊಲಿನಾದಲ್ಲಿ ಅಪೀಲು ಕೋರ್ಟಿನ ಜಡ್ಜ್‌ಗಳನ್ನೂ ಜನ ಓಟು ಹಾಕಿಯೇ ಆರಿಸುತ್ತಾರೆ. ಅದೂ ಪಕ್ಷದ ಹೆಸರಿನಲ್ಲಿ, ಎಂಟು ವರ್ಷಕ್ಕೆ. ಜೆಫರ್ಸನ್ ಗ್ರಿಫಿನ್ ಇಲ್ಲಿನ ಕೋರ್ಟ್ ಆಫ್ ಅಪೀಲ್ಸ್ ಜಡ್ಜ್ ಆಗಿ 2020ರಲ್ಲಿ ಗೆದ್ದ ರಿಪಬ್ಲಿಕನ್. 2024ರ ನವೆಂಬರ್ 5ರಂದು ರಾಜ್ಯದ ಸುಪ್ರೀಂ ಕೋರ್ಟ್ ಸೀಟಿಗೆ ನಿಂತರು. ಎದುರಿಗಿದ್ದವರು ಆಗಲೇ ಆ ಸೀಟಿನಲ್ಲಿ ಕೂತಿದ್ದ ಡೆಮಾಕ್ರಾಟ್ ಆಲಿಸನ್ ರಿಗ್ಸ್. 55 ಲಕ್ಷಕ್ಕೂ ಜಾಸ್ತಿ ಮತ ಬಿದ್ದವು. ಆ ರಾತ್ರಿ ಗ್ರಿಫಿನ್ ಸುಮಾರು 10,000 ಮತ ಮುಂದಿದ್ದರು. ಬಾಕಿ ಇದ್ದ ಅಂಚೆ ಮತ, ಪ್ರೊವಿಷನಲ್ ಮತ (ಅರ್ಹತೆ ಆಮೇಲೆ ಪರಿಶೀಲಿಸಿ ಎಣಿಸುವ ಮತ) ಎಲ್ಲ ಎಣಿಸಿದಾಗ ರಿಗ್ಸ್ 734 ಮತದಿಂದ ಗೆದ್ದರು. ಎರಡು ಸಲ ಮರುಎಣಿಕೆ ಆಯಿತು. ಗೆದ್ದವರು ಬದಲಾಗಲಿಲ್ಲ.

ಆಮೇಲೆ ಗ್ರಿಫಿನ್ 65,000ಕ್ಕೂ ಹೆಚ್ಚು ಮತಗಳನ್ನು ಲೆಕ್ಕದಿಂದ ತೆಗೆಯಿರಿ ಅಂತ ಕೇಳಿದರು. ಚುನಾವಣಾ ಮಂಡಳಿ ಡಿಸೆಂಬರ್‌ನಲ್ಲಿ ಆಗಲ್ಲ ಅಂದಿತು. ರಾಜ್ಯದ ಸುಪ್ರೀಂ ಕೋರ್ಟ್ 2025ರ ಜನವರಿ 7ರಂದು ಫಲಿತಾಂಶದ ಪ್ರಮಾಣಪತ್ರಕ್ಕೇ ತಡೆ ಹಾಕಿತು. ಕೊನೆಗೆ ಮೇ 5ರಂದು ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್ ರಿಗ್ಸ್ ಪರ ತೀರ್ಪು ಕೊಟ್ಟರು. ಇವರು ಟ್ರಂಪ್ ನೇಮಿಸಿದ ಜಡ್ಜ್ ಅನ್ನೋದು ನೆನಪಿರಲಿ. ಮೇ 7ಕ್ಕೆ ಗ್ರಿಫಿನ್ ಸೋಲು ಒಪ್ಪಿದರು. ಓಟು ಹಾಕಿದ ಜನ ಅಷ್ಟು ದಿನ ತಮ್ಮ ಓಟು ಉಳಿಯುತ್ತೋ ಇಲ್ಲವೋ ಅಂತ ಕಾಯಬೇಕಾಯಿತು. ನನ್ನ ಪ್ರಕಾರ ಇದು ಜಡ್ಜ್ ಆದವರು ಮಾಡುವ ಕೆಲಸ ಅಲ್ಲ. ಏನಂತೀರಿ?

ಹುಬ್ಬಳ್ಳಿ ವಕೀಲ:
"ಜಡ್ಜ್ ಆದವರು ಮಾಡುವ ಕೆಲಸ ಅಲ್ಲ" ಅಂದರೆ ಏನರ್ಥ ಸರ್? ಜಡ್ಜ್ ಆದರೆ ಕಾನೂನು ಕೊಟ್ಟ ಹಕ್ಕನ್ನು ಬಿಟ್ಟುಕೊಡಬೇಕಾ? ಚುನಾವಣಾ ತಕರಾರು ಸಲ್ಲಿಸಲು ಆ ರಾಜ್ಯದ ಕಾನೂನಿನಲ್ಲೇ ದಾರಿ ಇದೆ. ಅದೇ ದಾರಿಯಲ್ಲಿ ಹೋದರು. 2020ರಲ್ಲಿ ಅದೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಚುನಾವಣೆಯಲ್ಲಿ ಶೆರಿ ಬೀಸ್ಲಿ 401 ಮತದಿಂದ ಪಾಲ್ ನ್ಯೂಬಿ ಎದುರು ಸೋತರು. ಅವರು ಡೆಮಾಕ್ರಾಟ್. ಅವರೂ ಮರುಎಣಿಕೆ ಕೇಳಿದರು, ಅವರೂ ತಕರಾರು ಹಾಕಿದರು. ಆಗ ಯಾರೂ ಹೀಗೆ ಬೊಬ್ಬೆ ಹೊಡೆಯಲಿಲ್ಲ.

ಅಂಕಿಅಂಶ:
ಬೀಸ್ಲಿ ಹೆಸರು ತಂದಿದ್ದು ಒಳ್ಳೆಯದೇ ಆಯಿತು. ಅವರು 2020ರ ಡಿಸೆಂಬರ್ 12ಕ್ಕೇ ಸೋಲು ಒಪ್ಪಿಕೊಂಡರು. ಚುನಾವಣೆ ಆಗಿ ಒಂದು ತಿಂಗಳ ಮೇಲೆ ಸ್ವಲ್ಪ ದಿನ, ಅಷ್ಟೇ. ಗ್ರಿಫಿನ್ ಆರು ತಿಂಗಳು ಎಳೆದರು. 401ಕ್ಕೆ ಸೋತವರು ಒಂದು ತಿಂಗಳಲ್ಲಿ ಬಿಟ್ಟರು, 734ಕ್ಕೆ ಸೋತವರು ಬಿಡಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹುಬ್ಬಳ್ಳಿ ವಕೀಲ:
"ಆರು ತಿಂಗಳು ಎಳೆದರು" ಅಂತೀರಿ. ಎಳೆದವರು ಯಾರು? ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ದಿದ್ದು ಮಂಡಳಿ. ಅಲ್ಲಿಂದ ವಾಪಸ್, ಮತ್ತೆ ಅಲ್ಲಿಗೆ. ಎರಡೂ ಕಡೆಯವರು ಓಡಾಡಿಸಿದ್ದಾರೆ.

ಕರಾವಳಿ ಕಡಲು:
ನನಗೆ ತಡೆಯಲಾಗದ್ದು ಬೇರೆ ವಿಷಯ. ತಕರಾರಿನಲ್ಲಿ ಒಂದು ಭಾಗ ವಿದೇಶದಲ್ಲಿರುವ ಮತದಾರರದ್ದು, ಅಂದರೆ ಸೇನೆಯವರು, ಅವರ ಮನೆಯವರು, ಹೊರದೇಶದಲ್ಲಿ ಕೆಲಸ ಮಾಡುವವರು. ಇವರು ಫೋಟೋ ಗುರುತಿನ ಚೀಟಿ ಕಳಿಸಲಿಲ್ಲ, ಆದ್ದರಿಂದ ಮತ ತೆಗೆಯಿರಿ ಅಂತ. ಆದರೆ ಅವರಿಗೆ ಚೀಟಿ ಬೇಡ ಅಂತ ಚುನಾವಣೆಗೆ ಮೊದಲೇ ನಿಯಮ ಇತ್ತು. ಗ್ರಿಫಿನ್ ಸ್ವತಃ ಆರ್ಮಿ ನ್ಯಾಷನಲ್ ಗಾರ್ಡ್ ಅಧಿಕಾರಿ. ಅವರೇ ಹಿಂದೆ ಸೇನೆಯ ಗೈರು ಮತಪತ್ರದಲ್ಲಿ ಓಟು ಹಾಕಿದವರು, ಇದು ಪತ್ರಿಕೆಗಳಲ್ಲೇ ಬಂದಿದೆ. ಅದೂ ಯಾವ ಕೌಂಟಿಗಳು, ಅಂದರೆ ಜಿಲ್ಲೆಗಳು, ನೋಡಿ. ಗಿಲ್ಫರ್ಡ್, ಡರ್ಹಾಮ್, ಫೋರ್ಸೈತ್, ಬಂಕಂಬ್. ನಾಲ್ಕೂ ಡೆಮಾಕ್ರಾಟ್ ಕೋಟೆ. 100 ಕೌಂಟಿ ಇರುವ ರಾಜ್ಯದಲ್ಲಿ ಈ ನಾಲ್ಕರಲ್ಲಿ ಮಾತ್ರ ಚೀಟಿ ಬೇಕು, ಉಳಿದ 96ರಲ್ಲಿ ಬೇಡ ಅನ್ನೋದು ಯಾವ ನ್ಯಾಯ?

ಹುಬ್ಬಳ್ಳಿ ವಕೀಲ:
ಮೇಡಂ, ಗಡುವಿನ ಒಳಗೆ ಯಾವ ಕೌಂಟಿಯಿಂದ ಮಾಹಿತಿ ಸಿಕ್ಕಿತೋ ಅಲ್ಲಿಯ ಮತದಾರರ ಮೇಲೆ ತಕರಾರು ಹಾಕಿದರು ಅಂತ ಅವರ ಕಡೆಯವರು ಹೇಳಿದ್ದಾರೆ. ಅದನ್ನು ನೀವು ಬರೆಯಲಿಲ್ಲ. ಅರ್ಧ ಹೇಳಿ ಅರ್ಧ ಬಿಡಬೇಡಿ.

ಮಂಡ್ಯ ಟು ಮಾರಿಸ್‌ವಿಲ್:
ಆ 65,000ದಲ್ಲಿ 60,000 ಜನರ ಮೇಲಿನ ತಕರಾರು ನೋಂದಣಿ ದಾಖಲೆಯಲ್ಲಿ ಗುರುತಿನ ನಂಬರ್ ಇಲ್ಲ ಅಂತ. ಆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹಾಗಾಗಿ ಸ್ವಲ್ಪ ಬಿಸಿಯಾಗಿಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಮನೆಗೆ ಒಂದು ಪೋಸ್ಟ್‌ಕಾರ್ಡ್ ಬಂತು. ಅದರಲ್ಲಿ ಒಂದು ಕ್ಯೂಆರ್ ಕೋಡ್. ನಿಮ್ಮ ಮತದ ಮೇಲೆ ತಕರಾರು ಇರಬಹುದು, ಸ್ಕ್ಯಾನ್ ಮಾಡಿ ನೋಡಿ ಅಂತ. ಪಿಜ್ಜಾ ಕೂಪನ್ನು, ಹುಲ್ಲು ಕತ್ತರಿಸುವವರ ಜಾಹೀರಾತುಗಳ ನಡುವೆ ಸಿಕ್ಕಿದ್ದು. ಸ್ಕ್ಯಾನ್ ಮಾಡಿದರೆ ದೊಡ್ಡ ಪಟ್ಟಿ ತೆರೆದುಕೊಂಡಿತು, ಅದರಲ್ಲಿ ನಮ್ಮ ಹೆಸರು ನಾವೇ ಹುಡುಕಬೇಕು. ಸಿಟಿಜನ್ ಆಗಿ ಮೊದಲ ಬಾರಿ ಅಧ್ಯಕ್ಷರ ಚುನಾವಣೆಗೆ ಓಟು ಹಾಕಿದ್ದೆ. ಅರ್ಲಿ ವೋಟಿಂಗ್‌ನಲ್ಲಿ, ಅಂದರೆ ಚುನಾವಣೆ ದಿನಕ್ಕೆ ಮೊದಲೇ ಮತಗಟ್ಟೆಗೆ ಹೋಗಿ, ಲೈನಿನಲ್ಲಿ ನಿಂತು, ಫೋಟೋ ಇರುವ ಲೈಸೆನ್ಸ್ ತೋರಿಸಿ ಹಾಕಿದ್ದೆ. ಅದನ್ನು ಒಬ್ಬ ಜಡ್ಜ್ ಬಂದು ತೆಗೆದುಹಾಕಿ ಅಂದರೆ ಹೊಟ್ಟೆ ಉರಿಯಲ್ವಾ?

ಹುಬ್ಬಳ್ಳಿ ವಕೀಲ:
ನಿಮ್ಮ ಬೇಸರ ಅರ್ಥವಾಗುತ್ತೆ. ಆದರೆ 2002ರ ಫೆಡರಲ್ ಕಾನೂನು ಸ್ಪಷ್ಟ ಇದೆ. ನೋಂದಣಿ ಮಾಡುವಾಗ ಡ್ರೈವಿಂಗ್ ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೊಡಬೇಕು. ನಿಮ್ಮ ದಾಖಲೆಯಲ್ಲಿ ಅದು ಖಾಲಿ ಇತ್ತು. ಫಾರ್ಮ್ ಸರಿಯಾಗಿ ತುಂಬೋದು ನಿಮ್ಮ ಜವಾಬ್ದಾರಿ.

ಮಂಡ್ಯ ಟು ಮಾರಿಸ್‌ವಿಲ್:
"ಸರಿಯಾಗಿ ತುಂಬೋದು ನಿಮ್ಮ ಜವಾಬ್ದಾರಿ" ಅಂತ ಹೇಳೋದು ಸುಲಭ. ನಾನು ನಂಬರ್ ಬರೆದಿದ್ದೆ. ಫಾರ್ಮಿನ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಆ ನಂಬರನ್ನು ಬೇರೆ ಸರ್ಕಾರಿ ದಾಖಲೆ ಜೊತೆ ತಾಳೆ ನೋಡುವಾಗ ಹೆಸರು ಹೊಂದಲಿಲ್ಲ, ಅದಕ್ಕೇ ಖಾಲಿ ಆಗಿದ್ದು. ನಮ್ಮ ಕಡೆ ಹೆಸರು ಹೇಗಿರುತ್ತೆ ನಿಮಗೆ ಗೊತ್ತಲ್ವಾ? ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಹೆಸರಿನ ಅಕ್ಷರ, ಕೊನೆಗೆ ನನ್ನ ಹೆಸರು. ಪಾಸ್‌ಪೋರ್ಟಿಗೆ ಅಂತ ಇನಿಷಿಯಲ್ ಬಿಡಿಸಿ ಬರೆದು ಎಲ್ಲವನ್ನೂ ಒಂದೇ ಸಾಲಿಗೆ ಹಾಕಿದರು, ಸರ್‌ನೇಮ್ ಜಾಗ ಖಾಲಿ. ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಂತು. ಇಲ್ಲಿ ಒಂದು ಕಚೇರಿಯವರು ಅದನ್ನೇ ನನ್ನ ಹೆಸರು ಅಂತ ಟೈಪ್ ಮಾಡಿದರು. ಇನ್ನೊಂದು ಕಾರ್ಡಿನಲ್ಲಿ ಊರಿನ ಹೆಸರು ಮಧ್ಯದ ಹೆಸರಾಯಿತು. ಒಬ್ಬನೇ ಮನುಷ್ಯ, ಮೂರು ಕಾರ್ಡು, ಮೂರು ಥರ.

ಹುಬ್ಬಳ್ಳಿ ವಕೀಲ:
ಇದಕ್ಕೇ ನಾನು ಹೇಳೋದು, ಮೈಸೂರು ಕಡೆಯ ಇನಿಷಿಯಲ್ ಪದ್ಧತಿ ಹೊರದೇಶಕ್ಕೆ ಹೊಂದಲ್ಲ. ನಮ್ಮ ಕಡೆ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು. ಪಾಟೀಲ, ಕುಲಕರ್ಣಿ, ಹಿರೇಮಠ. ಎಲ್ಲಿ ಹೋದರೂ ಫಾರ್ಮಿಗೆ ಸರಿಯಾಗಿ ಕೂರುತ್ತೆ. ನಿಮಗೂ ಸಿಟಿಜನ್‌ಶಿಪ್ ತಗೊಳ್ಳುವಾಗಲೇ ಹೆಸರು ಬದಲಿಸಿಕೊಳ್ಳಲು ಅವಕಾಶ ಇತ್ತು. ಅದನ್ನು ಬಳಸಿಕೊಳ್ಳಲಿಲ್ಲ. ಈಗ ಜಡ್ಜ್ ಮೇಲೆ ಕೋಪ.

ಮಂಡ್ಯ ಟು ಮಾರಿಸ್‌ವಿಲ್:
ಹೆಸರು ಬದಲಿಸಿಕೊಳ್ಳಬೇಕಿತ್ತಾ? ನನ್ನ ಅಪ್ಪನ ಹೆಸರನ್ನು ಯಾಕ್ರೀ ನಾನು ಬಿಡಲಿ? ಊರಿನ ಹೆಸರು ಯಾಕೆ ಬಿಡಲಿ? ಕಂಪ್ಯೂಟರಿಗೆ ತಾಳೆ ನೋಡೋಕೆ ಬರಲ್ಲ ಅಂತ ನಾನು ಹೊಸ ಸರ್‌ನೇಮ್ ಹುಟ್ಟಿಸಿಕೊಳ್ಳಬೇಕಾ? ಇಂಥ ಮಾತು ಒಬ್ಬ ಕನ್ನಡಿಗನ ಬಾಯಲ್ಲಿ ಬರಬಾರದು.

ಸಾಲುಮರ:
ವಕೀಲರೇ, ನಿಮ್ಮ ಅಡ್ಡಹೆಸರು ಸರಿಯಾಗಿ ಕೂರುತ್ತೆ ಅಂತ ಯಾರು ಹೇಳಿದ್ದು? ನನ್ನ ಭಾವ ಗದಗಿನವರು. ಮಠ ಅಂತ ಮುಗಿಯುವ ಹೆಸರು. ಇಂಗ್ಲಿಷಿನಲ್ಲಿ ಒಂದೊಂದು ಕಾಗದದಲ್ಲಿ ಒಂದೊಂದು ಸ್ಪೆಲ್ಲಿಂಗ್. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು. ಬ್ಯಾಂಕಿನವರು ಅಫಿಡವಿಟ್ ಕೇಳಿ ಕೇಳಿ ಸಾಕು ಮಾಡಿದ್ದಾರೆ.

ಹುಬ್ಬಳ್ಳಿ ವಕೀಲ:
ಸ್ಪೆಲ್ಲಿಂಗ್ ತಪ್ಪು ಬೇರೆ, ಸರ್‌ನೇಮ್ ಇಲ್ಲದಿರುವುದು ಬೇರೆ. ಒಂದು ತಿದ್ದಬಹುದಾದ ಗುಮಾಸ್ತರ ತಪ್ಪು. ಇನ್ನೊಂದು ಪದ್ಧತಿಯದ್ದೇ ತೊಂದರೆ.

ಕರಾವಳಿ ಕಡಲು:
ಗಂಡಸರು ಮಾತ್ರ ಹೆಸರಿನ ಬಗ್ಗೆ ಮಾತಾಡುತ್ತಿದ್ದೀರಿ. ಮದುವೆ ಆದ ಮೇಲೆ ಹೆಣ್ಣುಮಕ್ಕಳ ಹೆಸರು ಏನಾಗುತ್ತೆ ನೋಡಿ. ನನ್ನ ಸೋಶಿಯಲ್ ಸೆಕ್ಯುರಿಟಿ ಕಾರ್ಡು ತವರಿನ ಹೆಸರಿನಲ್ಲಿದೆ, ಲೈಸೆನ್ಸ್ ಗಂಡನ ಮನೆ ಹೆಸರಿನಲ್ಲಿದೆ. ಅಮೆರಿಕದವರಿಗೂ ಇದೇ ಕಥೆ. ನಡುವೆ ಅಡ್ಡಗೆರೆ ಹಾಕಿದ ಜೋಡಿ ಸರ್‌ನೇಮ್ ಇದ್ದರೂ ತಾಳೆ ಆಗೋದಿಲ್ಲ. ಇದು ಮೈಸೂರು ಹುಬ್ಬಳ್ಳಿ ಜಗಳ ಅಲ್ಲ.

ಮಂಡ್ಯ ಟು ಮಾರಿಸ್‌ವಿಲ್:
"ಪದ್ಧತಿಯದ್ದೇ ತೊಂದರೆ" ಅಂದಿರಲ್ಲ, ಅದನ್ನು ವಾಪಸ್ ತಗೊಳ್ಳಿ. ತಲೆತಲಾಂತರದಿಂದ ಊರು, ಅಪ್ಪ, ನಾನು ಅಂತ ಹೆಸರಿಟ್ಟುಕೊಂಡು ಬಂದಿದ್ದೇವೆ. ಜಾತಿ ತೋರಿಸುವ ಸರ್‌ನೇಮ್ ಬೇಡ ಅಂತಲೇ ಬಿಟ್ಟ ಮನೆಗಳೂ ನಮ್ಮ ಕಡೆ ಇವೆ.

ಹುಬ್ಬಳ್ಳಿ ವಕೀಲ:
ಜಾತಿ ಮಾತು ಯಾಕೆ ಎಳೆದಿರಿ? ಅಂಗಡಿ, ಮೆಣಸಿನಕಾಯಿ, ಬಡಿಗೇರ, ಇವೆಲ್ಲ ಮನೆತನದ, ಕಸುಬಿನ ಹೆಸರು. ನಮ್ಮ ಕಡೆಯವರನ್ನು ಜಾತಿವಾದಿಗಳು ಅನ್ನೋ ಹಾಗೆ ಬರೆಯಬೇಡಿ. ಇದು ನನಗೆ ನಿಜಕ್ಕೂ ನೋವಾಯಿತು.

ಮಂಡ್ಯ ಟು ಮಾರಿಸ್‌ವಿಲ್:
ನಿಮ್ಮ ಕಡೆಯವರನ್ನು ನಾನೆಲ್ಲಿ ಅಂದೆ? ನಮ್ಮ ಮನೆಗಳ ವಿಷಯ ಹೇಳಿದೆ. ಓದಿ ಉತ್ತರ ಬರೆಯಿರಿ.

ಅಂಕಿಅಂಶ:
ಇಬ್ಬರೂ ನಿಲ್ಲಿಸಿ ಇದನ್ನು ಓದಿ. ಹೆಸರು ತಾಳೆ ಆಗದಿದ್ದರೆ ನೋಂದಣಿ ರದ್ದಾಗಲ್ಲ. ಮೊದಲ ಸಲ ಓಟು ಹಾಕುವಾಗ ಗುರುತು ತೋರಿಸಿದರೆ ಆಯಿತು, ಇದು ವ್ಯವಸ್ಥೆಯಲ್ಲೇ ಇದೆ. ಮೇಲಾಗಿ 2024ರಲ್ಲಿ ಮತಗಟ್ಟೆಗೆ ಬಂದ ಎಲ್ಲರಿಂದಲೂ ಫೋಟೋ ಗುರುತು ಕೇಳಿದ್ದಾರೆ. ಇನ್ನೂ ಮುಖ್ಯವಾದದ್ದು, ತಕರಾರು ಹಾಕಿದ್ದು ಅರ್ಲಿ ವೋಟಿಂಗ್ ಮತ್ತು ಅಂಚೆ ಮತದವರ ಮೇಲೆ ಮಾತ್ರ. ಚುನಾವಣೆ ದಿನವೇ ಬಂದು ಓಟು ಹಾಕಿದವರ ದಾಖಲೆಯಲ್ಲಿ ಅದೇ ಖಾಲಿ ಜಾಗ ಇದ್ದರೂ ಮುಟ್ಟಲಿಲ್ಲ. ಯಾಕೆ ಗೊತ್ತಾ? ಅರ್ಲಿ ಮತಪತ್ರಕ್ಕೆ ಗುರುತು ಸಂಖ್ಯೆ ಇರುತ್ತೆ, ಹುಡುಕಿ ಹೊರತೆಗೆಯಬಹುದು. ಅಂದಿನ ದಿನದ ಮತಪತ್ರ ಪೆಟ್ಟಿಗೆಗೆ ಬಿದ್ದ ಮೇಲೆ ಯಾರದ್ದು ಅಂತ ಗೊತ್ತಾಗಲ್ಲ. ಅಂದರೆ ಒಂದೇ ತಪ್ಪಿಗೆ ಮಂಗಳವಾರ ಓಟು ಹಾಕಿದವರು ಉಳಿದರು, ಹಿಂದಿನ ವಾರ ಹಾಕಿದವರು ಸಿಕ್ಕಿಬಿದ್ದರು.

ಹುಬ್ಬಳ್ಳಿ ವಕೀಲ:
"ಒಂದೇ ತಪ್ಪಿಗೆ" ಅಂತ ನೀವೇ ಬರೆದಿದ್ದೀರಿ. ತಪ್ಪು ಇತ್ತು ಅಂತಾಯಿತಲ್ಲ. ನಂಬರ್ ಕಡ್ಡಾಯ ಅಂತ ಹಳೆಯ ಫಾರ್ಮಿನಲ್ಲಿ ಸರಿಯಾಗಿ ತೋರಿಸಿರಲಿಲ್ಲ. ದೂರು ಬಂದ ಮೇಲೆ ಮಂಡಳಿ 2023ರ ಕೊನೆಯಲ್ಲಿ ಫಾರ್ಮ್ ಬದಲಿಸಿತು. ಆದರೆ ಹಳೆಯ ದಾಖಲೆಗಳನ್ನು ಸರಿಪಡಿಸಲು ಕೈ ಹಾಕಲಿಲ್ಲ. ಇದನ್ನು ಪ್ರಶ್ನಿಸಿದವರು ಖಳನಾಯಕರಾ?

ಕ್ಯಾರಿ ಕನ್ನಡಿಗ:
ಮಂಡಳಿ ಮಾಡಿದ ತಪ್ಪಿಗೆ ಮತದಾರರಿಗೆ ಶಿಕ್ಷೆ ಕೊಡಬೇಡಿ ಅಂತ ರಾಜ್ಯದ ಸುಪ್ರೀಂ ಕೋರ್ಟೇ ಏಪ್ರಿಲ್ 11ರಂದು ಹೇಳಿತು. 5-2 ರಿಪಬ್ಲಿಕನ್ ಬಹುಮತದ ಕೋರ್ಟು! ಆ 60,000 ಮತ ಎಣಿಸಿ ಅಂದಿತು. ವಿದೇಶದ ಮತದಾರರಿಗೆ ಮಾತ್ರ 30 ದಿನದಲ್ಲಿ ಚೀಟಿ ತೋರಿಸಿ ಅಂದಿತು. ಅಲ್ಲೂ ರಿಪಬ್ಲಿಕನ್ ನ್ಯಾಯಮೂರ್ತಿ ರಿಚರ್ಡ್ ಡೀಟ್ಜ್ ಒಪ್ಪಲಿಲ್ಲ. ಅದಕ್ಕೆ ವಾರದ ಹಿಂದೆ, ಏಪ್ರಿಲ್ 4ರಂದು, ಗ್ರಿಫಿನ್ ಪರ 2-1 ತೀರ್ಪು ಕೊಟ್ಟಿದ್ದು ಯಾರು? ಕೋರ್ಟ್ ಆಫ್ ಅಪೀಲ್ಸ್. ಗ್ರಿಫಿನ್ ಅವರದ್ದೇ ಕೋರ್ಟು. ಅಲ್ಲಿ ಇರುವುದೇ 15 ಜಡ್ಜ್‌ಗಳು, ಮೂವರು ಮೂವರಾಗಿ ಕೂತು ಕೇಸು ಕೇಳುತ್ತಾರೆ. ಸಹೋದ್ಯೋಗಿಯ ಕೇಸನ್ನು ಸಹೋದ್ಯೋಗಿಗಳೇ ಕೇಳಿದರು.

ಸಾಲುಮರ:
ಸಹೋದ್ಯೋಗಿ ಮಾತು ಬಂದರೆ ರಿಗ್ಸ್ ಕೂಡ ಅಪೀಲು ಹೋದ ಕೋರ್ಟಿನಲ್ಲೇ ಇದ್ದವರು ತಾನೇ? ಅದನ್ನು ಯಾಕೆ ಬರೆಯಲಿಲ್ಲ?

ಕ್ಯಾರಿ ಕನ್ನಡಿಗ:
ರಿಗ್ಸ್ ಆ ಕೇಸಿನಿಂದ ಹಿಂದೆ ಸರಿದಿದ್ದರು. ಕೂರಲೇ ಇಲ್ಲ.

ಸಾಲುಮರ:
ಗ್ರಿಫಿನ್ ಕೂಡ ಅವರ ಕೇಸಿನಲ್ಲಿ ಕೂರಲಿಲ್ಲ. ಹಾಗಾದರೆ ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ತಪ್ಪಾ? ಇನ್ನೊಂದು ವಿಷಯ. ರಿಗ್ಸ್ ಜೀವನದಲ್ಲಿ ಕೆಳಗಿನ ಕೋರ್ಟಿನ ಜಡ್ಜ್ ಆಗಿ ಒಂದು ದಿನ ಕೂತವರಲ್ಲ. ವಕೀಲಿಕೆಯಿಂದ ನೇರ 2023ರಲ್ಲಿ ಗವರ್ನರ್ ರಾಯ್ ಕೂಪರ್ ಕೋರ್ಟ್ ಆಫ್ ಅಪೀಲ್ಸ್‌ಗೆ ಹಾಕಿದರು. ಅದೇ ವರ್ಷ ಸೆಪ್ಟೆಂಬರ್‌ಗೆ ಸುಪ್ರೀಂ ಕೋರ್ಟು. ಗ್ರಿಫಿನ್ ಪ್ರಾಸಿಕ್ಯೂಟರ್ ಆಗಿದ್ದವರು, 2015ರಿಂದ ವೇಕ್ ಕೌಂಟಿ ಡಿಸ್ಟ್ರಿಕ್ಟ್ ಜಡ್ಜ್ ಆಗಿ ದಿನಾ ಜನರ ಕೇಸು ಕೇಳಿದವರು, 2020ರಲ್ಲಿ ಹಾಲಿ ಜಡ್ಜ್ ಕ್ರಿಸ್ ಬ್ರೂಕ್ ಅವರನ್ನು ಸೋಲಿಸಿ ಮೇಲೆ ಬಂದವರು. ಮೆಟ್ಟಿಲು ಹತ್ತಿ ಬಂದವರು ಯಾರು ಅಂತ ನೀವೇ ಹೇಳಿ.

ಕರಾವಳಿ ಕಡಲು:
ಮೆಟ್ಟಿಲು ಅಂದರೆ ಜಡ್ಜ್ ಕುರ್ಚಿ ಮಾತ್ರವಾ? ರಿಗ್ಸ್ ವರ್ಷಗಟ್ಟಲೆ ಮತದಾನದ ಹಕ್ಕಿನ ಕೇಸುಗಳನ್ನೇ ನಡೆಸಿದವರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2018ರಲ್ಲಿ ಮತ್ತು 2019ರಲ್ಲಿ ಕ್ಷೇತ್ರ ಗಡಿ ಕೇಸುಗಳಲ್ಲಿ ನಿಂತು ವಾದ ಮಾಡಿದ್ದಾರೆ. ಅಪೀಲು ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಇರಲ್ಲ, ಕಾನೂನಿನ ಪ್ರಶ್ನೆ ಇರುತ್ತೆ. ಅದಕ್ಕೆ ಇಂಥ ಅನುಭವ ಬೇಕು. ಅಂಥವರ ತಂದೆ ತಾಯಿಯ ಮತವೇ ತಕರಾರು ಪಟ್ಟಿಯಲ್ಲಿತ್ತು ಅಂದರೆ ಆ ಪಟ್ಟಿ ಹೇಗಿತ್ತು ಅಂತ ಊಹಿಸಿ.

ಹುಬ್ಬಳ್ಳಿ ವಕೀಲ:
ತಂದೆ ತಾಯಿ ಹೆಸರು ಇತ್ತು ಅನ್ನೋದೇ ತಕರಾರು ಹೆಸರು ನೋಡಿ ಹಾಕಿದ್ದಲ್ಲ ಅನ್ನೋದಕ್ಕೆ ಸಾಕ್ಷಿ. ದಾಖಲೆ ಖಾಲಿ ಇದ್ದವರೆಲ್ಲ ಬಂದರು, ರಿಪಬ್ಲಿಕನ್ನರೂ ಬಂದರು. ಇನ್ನು ರಿಗ್ಸ್ ಜಾಹೀರಾತು ನೆನಪಿದೆಯಾ? ಜಡ್ಜ್ ಕುರ್ಚಿಯಲ್ಲಿದ್ದುಕೊಂಡೇ ಗರ್ಭಪಾತದ ವಿಷಯ ಎತ್ತಿ ಓಟು ಕೇಳಿದರು. ನಾಳೆ ಅದೇ ವಿಷಯದ ಕೇಸು ಅವರ ಮುಂದೆ ಬಂದರೆ? ಅದರ ಬಗ್ಗೆ ಇಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ.

ಕರಾವಳಿ ಕಡಲು:
ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಮಾತಾಡಿದ್ದೇ ತಪ್ಪು ಅಂತೀರಾ? ಆ ಕೋರ್ಟಿನಲ್ಲಿ ಯಾರು ಕೂರುತ್ತಾರೆ ಅನ್ನೋದರ ಮೇಲೆ ನಮ್ಮ ಜೀವ ನಿಂತಿರುತ್ತೆ. ಅಭ್ಯರ್ಥಿ ಏನು ಯೋಚಿಸುತ್ತಾರೆ ಅಂತ ನನಗೆ ಗೊತ್ತಿರಬೇಕು. ಈ ಮಾತಿನಲ್ಲಿ ನಾನು ಒಂದಿಂಚೂ ಹಿಂದೆ ಹೋಗಲ್ಲ.

ಹುಬ್ಬಳ್ಳಿ ವಕೀಲ:
ನಾನು ಹೇಳಿದ್ದು ಜಡ್ಜ್ ನಡತೆ ಬಗ್ಗೆ. ನೀವು ನನ್ನನ್ನು ಹೆಣ್ಣುಮಕ್ಕಳ ವಿರೋಧಿ ಅನ್ನೋ ಹಾಗೆ ಮಾಡಿದಿರಿ. ಇಂಥ ಚರ್ಚೆ ಮುಂದೆ ಹೋಗಲ್ಲ.

ಅಂಕಿಅಂಶ:
ಇಬ್ಬರಲ್ಲಿ ಯಾರು ಒಳ್ಳೆಯವರು ಅನ್ನೋದಕ್ಕಿಂತ ಪಕ್ಷದ ಚಿಹ್ನೆ ಹಾಕಿಕೊಂಡ ಜಡ್ಜ್ ಚುನಾವಣೆಯೇ ರೋಗ. ನಾರ್ತ್ ಕೆರೊಲಿನಾದಲ್ಲಿ ಸುಪ್ರೀಂ ಕೋರ್ಟಿಗೆ ಮತಪತ್ರದ ಮೇಲೆ ಪಕ್ಷದ ಹೆಸರು ವಾಪಸ್ ಬಂದಿದ್ದು 2018ರ ಚುನಾವಣೆಯಿಂದ. ಅದಕ್ಕೂ ಮೊದಲು, 2004ರಿಂದ ಜಡ್ಜ್ ಅಭ್ಯರ್ಥಿಗಳಿಗೆ ಸಾರ್ವಜನಿಕ ಹಣದಲ್ಲಿ ಪ್ರಚಾರ ಮಾಡುವ ವ್ಯವಸ್ಥೆ ಇತ್ತು. 2013ರಲ್ಲಿ ಅದನ್ನು ತೆಗೆದರು. ಫಲ ನೋಡಿ. 2022ರ ಫೆಬ್ರವರಿಯಲ್ಲಿ 4-3 ಡೆಮಾಕ್ರಾಟ್ ಬಹುಮತ ಕ್ಷೇತ್ರ ನಕ್ಷೆಗಳು ಅಸಾಂವಿಧಾನಿಕ ಅಂದಿತು. ನವೆಂಬರ್‌ನಲ್ಲಿ ಚುನಾವಣೆ ಆಗಿ 5-2 ರಿಪಬ್ಲಿಕನ್ ಕೋರ್ಟು ಬಂತು. 2023ರ ಏಪ್ರಿಲ್‌ನಲ್ಲಿ ಅದೇ ತೀರ್ಪು ತಲೆಕೆಳಗು. ಸಂವಿಧಾನದ ಒಂದಕ್ಷರವೂ ಬದಲಾಗಿರಲಿಲ್ಲ.

ಸಾಲುಮರ:
"ರೋಗ" ಅಂತೀರಲ್ಲ, ಜನ ಓಟು ಹಾಕೋದು ರೋಗವಾ? ಪಕ್ಷದ ಹೆಸರು ಇಲ್ಲದಿದ್ದರೆ ಸಾಮಾನ್ಯ ಮತದಾರ ಯಾವ ಆಧಾರದ ಮೇಲೆ ಆರಿಸಬೇಕು? ಮತಪತ್ರದ ಕೆಳಗಡೆ ಹೋದರೆ ಯಾರ ಹೆಸರೂ ಗೊತ್ತಿರಲ್ಲ. ಪಕ್ಷ ಬರೆದರೆ ಕೊನೇಪಕ್ಷ ಒಂದು ಸುಳಿವು.

ಮಂಡ್ಯ ಟು ಮಾರಿಸ್‌ವಿಲ್:
ಪಕ್ಷ ಇರಲಿ ಬಿಡಲಿ, ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮ್ಯಾಚ್ ಮುಗಿದು ಸ್ಕೋರ್ ಬರೆದ ಮೇಲೆ ಬೌಂಡರಿ ಗೆರೆ ಸರಿಸೋದು ಸರಿಯಾ? ಜಡ್ಜ್ ಮೈಯರ್ಸ್ ತೀರ್ಪಿನ ತಿರುಳೂ ಇದೇ. ಚುನಾವಣೆ ಆದ ಮೇಲೆ ನಿಯಮ ಬದಲಿಸಿ ಹಿಂದಿನ ಮತಕ್ಕೆ ಅನ್ವಯಿಸಿದರೆ ಅದು ಸಂವಿಧಾನಕ್ಕೆ ವಿರುದ್ಧ ಅಂದರು. ಗ್ರಿಫಿನ್ ಮೇಲಕ್ಕೆ ಅಪೀಲು ಹೋಗಲಿಲ್ಲ. ವಾದ ಅಷ್ಟು ಗಟ್ಟಿ ಇದ್ದಿದ್ದರೆ ಹೋಗುತ್ತಿದ್ದರು.

ಹುಬ್ಬಳ್ಳಿ ವಕೀಲ:
ಅಪೀಲು ಹೋಗದೆ ಒಪ್ಪಿಕೊಂಡರೆ ಅದೂ ತಪ್ಪಾ? ಹೋಗಿದ್ದರೆ ಇನ್ನೂ ಎಳೆದರು ಅಂತ ಬರೆಯುತ್ತಿದ್ದಿರಿ. ಒಬ್ಬ ಜಡ್ಜ್ ಕೋರ್ಟಿನ ಮಾತು ಕೇಳಿ ಎರಡೇ ದಿನದಲ್ಲಿ ನಿಲ್ಲಿಸಿದರು. ಅದಕ್ಕಾದರೂ ಗೌರವ ಕೊಡಿ. ಮೇ 13ಕ್ಕೆ ರಿಗ್ಸ್ ಪ್ರಮಾಣ ವಚನ ತಗೊಂಡರು, ಕೆಲಸ ನಡೆಯುತ್ತಿದೆ.

ಅಂಕಿಅಂಶ:
ಇನ್ನೊಂದು ಸಂಗತಿ, ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ. 2025ರ ಮೇ ಕೊನೆಯಲ್ಲಿ ಫೆಡರಲ್ ನ್ಯಾಯ ಇಲಾಖೆ ಇದೇ ಖಾಲಿ ನಂಬರ್ ವಿಷಯಕ್ಕೆ ಚುನಾವಣಾ ಮಂಡಳಿ ಮೇಲೆ ಕೇಸು ಹಾಕಿತು. ಜುಲೈನಲ್ಲಿ ಮಂಡಳಿ ನೋಂದಣಿ ಸರಿಪಡಿಸುವ ಕೆಲಸ ಶುರು ಮಾಡಿತು. ಸುಮಾರು 1 ಲಕ್ಷ ಮತದಾರರ ಪಟ್ಟಿ. ಕ್ಯಾರಿ, ಮಾರಿಸ್‌ವಿಲ್, ಶಾರ್ಲೆಟ್ ಕಡೆಯ ಕನ್ನಡಿಗರು ಮಂಡಳಿಯ ವೆಬ್‌ಸೈಟಿನಲ್ಲಿ ತಮ್ಮ ಹೆಸರು ಒಮ್ಮೆ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ, ಲೈಸೆನ್ಸಿನಲ್ಲಿ ಹೇಗಿದೆಯೋ, ಎರಡೂ ಥರ ಹುಡುಕಿ.

ಹುಬ್ಬಳ್ಳಿ ವಕೀಲ:
"ಸರಿಪಡಿಸುವ ಕೆಲಸ" ಅಂತ ಬರೆದಿದ್ದೀರಿ. ಸರಿಪಡಿಸಬೇಕಾದ್ದು ಇತ್ತು ಅಂತ ತಾನೇ ಅರ್ಥ? ಗ್ರಿಫಿನ್ ಹೇಳಿದ್ದೂ ಅದನ್ನೇ.

ಕ್ಯಾರಿ ಕನ್ನಡಿಗ:
ಗ್ರಿಫಿನ್ ಸರಿಪಡಿಸಿ ಅಂತ ಕೇಳಲಿಲ್ಲ ಸ್ವಾಮಿ, ಮತ ತೆಗೆಯಿರಿ ಅಂತ ಕೇಳಿದರು. ಎರಡಕ್ಕೂ ಅಜಗಜಾಂತರ ಇದೆ. ಸರಿಪಡಿಸಿ ಅಂತ ಚುನಾವಣೆಗೆ ಮೊದಲು ಕೇಳಬೇಕಿತ್ತು.

ಹುಬ್ಬಳ್ಳಿ ವಕೀಲ:
ಮೊದಲೇ ಕೇಳಿದ್ದರು. ರಿಪಬ್ಲಿಕನ್ ಪಕ್ಷ 2024ರಲ್ಲಿ ಚುನಾವಣೆಗೆ ಮುಂಚೆಯೇ ಕೇಸು ಹಾಕಿತ್ತು, ಹೋಗಿ ನೋಡಿ.

ಕ್ಯಾರಿ ಕನ್ನಡಿಗ:
ಪಕ್ಷ ಹಾಕಿದ್ದು ಆಗಸ್ಟ್‌ನಲ್ಲಿ, ಓಟಿಗೆ ಎರಡು ಚಿಲ್ಲರೆ ತಿಂಗಳು ಇರುವಾಗ. ಅಷ್ಟರಲ್ಲಿ ಲಕ್ಷಗಟ್ಟಲೆ ದಾಖಲೆ ಯಾರು ತಿದ್ದಬೇಕಿತ್ತು? ಗ್ರಿಫಿನ್ ಈಗಲೂ ಕೋರ್ಟ್ ಆಫ್ ಅಪೀಲ್ಸ್ ಜಡ್ಜ್, ಅವರ ಅವಧಿ 2028ರವರೆಗೆ ಇದೆ. ಮತ್ತೆ ಓಟು ಕೇಳಿಕೊಂಡು ನಿಂತರೆ ಈ 65,000 ಮನೆಗಳಿಗೆ ಏನು ಹೇಳುತ್ತಾರೆ ಅಂತ ನನಗೆ ಕೇಳಬೇಕಿದೆ.

ಸಾಲುಮರ:
ಜನ ತೀರ್ಮಾನ ಮಾಡುತ್ತಾರೆ ಬಿಡಿ. ಅದಕ್ಕೇ ಚುನಾವಣೆ ಬೇಕು ಅಂತ ನಾನು ಹೇಳಿದ್ದು.

ಹುಬ್ಬಳ್ಳಿ ವಕೀಲ:
ಮಂಡ್ಯದವರೇ, ನೀವೂ ಹೋಗಿ ಓಟು ಹಾಕಿ. ಈ ಸಲ ನಂಬರ್ ಬರೆದು ಹಾಕಿ.

ಮಂಡ್ಯ ಟು ಮಾರಿಸ್‌ವಿಲ್:
ನಂಬರ್ ಬರೆದಿದ್ದೆ, ಬರೆದಿದ್ದೆ ಅಂತ ಎಷ್ಟು ಸಲ ಹೇಳಬೇಕ್ರೀ? ಫಾರ್ಮಿನ ಫೋಟೋ ಬೇಕಾದರೆ ಇಲ್ಲೇ ಹಾಕುತ್ತೇನೆ, ನಂಬರ್ ಮುಚ್ಚಿ. ಅದನ್ನು ನೋಡಿ ಆಮೇಲೆ ಮಾತಾಡಿ.